ಮೊಟ್ಟೆ ಗಾಡಿಯವರ ಮೇದೋಜೀರಕ

ಅವರು ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರೇ ಇದ್ದಿದ್ದರೆ, "ಮೇಡಂ, ಬೇರೇದೆಲ್ಲ ಆಮೇಲೆ ಬರ್ಕೊಳ್ಳಿ, ಅದನ್ನ ಮಾತ್ರ ಮೇಲ್ಗಡೆನೇ ಹಾಕಿ" ಎನ್ನುತ್ತಿದ್ದರು. ಬ್ರಾಂದಿಯಿಲ್ಲ, ವಿಸ್ಕಿಯಿಲ್ಲ, ಬಿಯರೂ ಇಲ್ಲ. ಕೆಮ್ಮಿನ ಔಷಧಿಯನ್ನು ಕೂಡ ಮೂಸಿ ನೋಡಿಯೇ ಬಾಯಿಗೆ ಹಾಕುತ್ತಿದ್ದ ಮನುಷ್ಯ. ಅಂಥವರು ಬದುಕಿನ ಎಷ್ಟೋ ವರ್ಷಗಳನ್ನು ಭದ್ರಾವತಿಯ ಒಂದು ವೈನ್ ಶಾಪಿನ ಬಾಗಿಲಲ್ಲಿ ಕಳೆದರು. ಅಲ್ಲಿ ಅವರದೊಂದು ಮೊಟ್ಟೆ ಗಾಡಿ ಇತ್ತು. ಬೇಯಿಸಿದ ಮೊಟ್ಟೆ, ಆಮ್ಲೆಟ್, ಈರುಳ್ಳಿ ಖಾರ ಹಾಕಿದ ಕಡ್ಲೆಬೀಜ. ಕಾರ್ಖಾನೆಯಲ್ಲಿದ್ದ ಗುತ್ತಿಗೆ ಕೆಲಸ ಹೋದ ಮೇಲೆ ಹಾಕಿಕೊಂಡ ಗಾಡಿ ಅದು.

"ವೈನ್ ಶಾಪ್ ಮುಂದೇನೇ ಯಾಕೆ ಹಾಕಿದ್ರಿ? ದೇವಸ್ಥಾನದ ಮುಂದೆ ಹಾಕ್ಬೋದಿತ್ತಲ್ಲ" ಎಂದು ನಾನೊಮ್ಮೆ ಕೇಳಿದ್ದೆ.

"ದೇವಸ್ಥಾನದ ಮುಂದೆ ಆಮ್ಲೆಟ್ ಯಾರು ತಿಂತಾರೆ ಮೇಡಂ?" ಎಂದರು. ನನ್ನ ಬುದ್ಧಿಯ ಬಗ್ಗೆ ಅವರಿಗೆ ಆವತ್ತು ಬಂದ ಸಂಶಯ ಕೊನೆಯವರೆಗೂ ಪೂರ್ತಿ ಹೋಗಲಿಲ್ಲವೆಂದೇ ನನ್ನ ಎಣಿಕೆ.

ನಾನು ಆಗ ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಕೇಳುವುದಕ್ಕೆ ದೊಡ್ಡ ಹುದ್ದೆ. ವಿನೋಬನಗರದ ನಮ್ಮ ಬೀದಿಯಲ್ಲಿ ನನ್ನನ್ನು ಅರ್ಧ ಡಾಕ್ಟರೆಂದೇ ತಿಳಿದು ಗೇಟಿನ ಹತ್ತಿರ ನಿಲ್ಲಿಸಿ ನಾಲಗೆ ಚಾಚಿ ತೋರಿಸುವವರಿದ್ದರು. ನಿಜವಾದ ಕೆಲಸವೆಂದರೆ, ಹೊಟ್ಟೆ ಹಿಡಿದುಕೊಂಡು ನರಳುತ್ತಿರುವವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಪ್ರಶ್ನೆ ಕೇಳುವುದು. ಮೇದೋಜೀರಕ ಗ್ರಂಥಿ ಅಂತ ಒಂದಿದೆ. ಜಠರದ ಹಿಂದೆ ಬೆನ್ನಿಗೆ ಒರಗಿಕೊಂಡು, ಉಂಡದ್ದನ್ನು ಕರಗಿಸುವ ರಸ ತಯಾರಿಸುತ್ತ ತನ್ನ ಪಾಡಿಗೆ ತಾನಿರುತ್ತದೆ. ಒಂದು ದಿನ ಅದಕ್ಕೇನು ತಿಕ್ಕಲು ಹಿಡಿಯುತ್ತದೋ, ಅದೇ ರಸದಲ್ಲಿ ತನ್ನನ್ನೇ ಕರಗಿಸಿಕೊಳ್ಳಲು ಶುರು ಮಾಡುತ್ತದೆ. ಆಗ ಬರುವ ನೋವಿಗೆ ಗಟ್ಟಿ ಗಂಡಸರೂ ಅವ್ವನನ್ನು ಕೂಗುತ್ತಾರೆ. ಹೆಚ್ಚಿನವರು ಬಾಯಿಗೆ ಏನೂ ಹಾಕದೆ, ಡ್ರಿಪ್ ಮೇಲೆ ನಾಲ್ಕಾರು ದಿನ ಮಲಗಿ, ಎದ್ದು ಮನೆಗೆ ಹೋಗುತ್ತಾರೆ. ಕೆಲವರು ಹೋಗುವುದಿಲ್ಲ. ಈ ಹಠಾತ್ ಊತ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ, ಬಂದವರ ಗತಿ ಏನಾಗುತ್ತದೆ ಎಂಬುದೇ ನಮ್ಮ ಸಂಶೋಧನೆ.

ಕಾರಣಗಳಲ್ಲಿ ದೊಡ್ಡಣ್ಣಂದಿರು ಇಬ್ಬರು. ಪಿತ್ತಕೋಶದ ಕಲ್ಲು ಒಬ್ಬ, ಮದ್ಯ ಇನ್ನೊಬ್ಬ. ಕಲ್ಲಾದರೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಮದ್ಯಕ್ಕೆ ಬಾಯಿಂದಲೇ ಹೇಳಬೇಕು. ಅಲ್ಲೇ ನಮ್ಮ ಸಂಶೋಧನೆಯ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು. ಯಾಕೆಂದರೆ ನಮ್ಮ ವಾರ್ಡಿನಲ್ಲಿ ಕುಡಿಯುವವರು ಒಬ್ಬರೂ ಇರಲಿಲ್ಲ. ಮಂಚದ ಕಾಲ ಬಳಿ ಹೆಂಡತಿ, ತಲೆಯ ಬಳಿ ತಾಯಿ ನಿಂತಿರುವಾಗ ಯಾರು ತಾನೇ ಇದ್ದಾರು?

"ಕುಡೀತೀರಾ?"

"ಛೇ, ಇಲ್ಲ ಮೇಡಂ. ಎಲ್ಲೋ ಮದುವೆಗೆ ಹೋದಾಗ ಮಾತ್ರ."

"ಎಷ್ಟು ಮದುವೆಗೆ ಹೋಗ್ತೀರಾ?"

"ದಿನಾ ಯಾರದಾದ್ರೂ ಇದ್ದೇ ಇರುತ್ತಲ್ಲ."

"ಆಷಾಢದಲ್ಲಿ?"

"ಆಷಾಢದಲ್ಲಿ ಹಳೇ ಬೀಗರೂಟಗಳು ಬಾಕಿ ಇರ್ತವೆ ಮೇಡಂ."

ಇಂಥ ವಾರ್ಡಿಗೆ ಒಂದು ಮಧ್ಯಾಹ್ನ ಮೊಟ್ಟೆ ಗಾಡಿಯವರು ಬಂದರು. ಮಂಚದ ಮೇಲೆ ಮುಂದಕ್ಕೆ ಬಾಗಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದರು. ಈ ಕಾಯಿಲೆಯವರೆಲ್ಲ ಹಾಗೇ ಕೂರುವುದು. ಬಾಗಿದರೆ ನೋವು ಸ್ವಲ್ಪ ತಡೆಯುತ್ತದೆ. ದಾಖಲಿಸಿಕೊಂಡ ಎಳೆಯ ಡ್ಯೂಟಿ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಕೆಲಸ ಏನೆಂದು ಕೇಳಿ, "ವೈನ್ ಶಾಪ್ ಹತ್ರ" ಎಂಬ ಉತ್ತರ ಬಂದದ್ದೇ ತಡ, ಅವರ ಹೆಂಡತಿಯ ಎದುರಿಗೇ ತೀರ್ಪು ಕೊಟ್ಟುಬಿಟ್ಟಿದ್ದರು. "ಕುಡಿಯೋದು ಬಿಡ್ಲಿಲ್ಲ ಅಂದ್ರೆ ಉಳಿಯಲ್ಲ ನೋಡಿ."

ನಾನು ಸ್ಟೂಲು ಎಳೆದುಕೊಂಡು ಕೂತು ನನ್ನ ಪ್ರಶ್ನೆ ಕೇಳಿದೆ. ಹೆಗಲ ಮೇಲಿನ ಟವೆಲಿನಲ್ಲಿ ಎರಡೂ ಕೈ ಒರೆಸಿಕೊಂಡು ಹೇಳಿದರು: "ಇಲ್ಲ ಮೇಡಂ. ಒಂದು ತೊಟ್ಟೂ ಇಲ್ಲ." ಕೈಯಲ್ಲಿ ಡ್ರಿಪ್ಪಿನ ಸೂಜಿ ಇತ್ತು, ಒರೆಸಿಕೊಳ್ಳಲು ಅಲ್ಲಿ ಎಣ್ಣೆಯೂ ಇರಲಿಲ್ಲ. ನಿಜ ಹೇಳುವ ಮುಂಚೆ ಕೈ ಒರೆಸಿಕೊಳ್ಳುವುದು ಅವರ ಅಭ್ಯಾಸವೆಂದು ಆಮೇಲೆ ತಿಳಿಯಿತು. ಆದರೆ ಅದೇ ವಾಕ್ಯವನ್ನು ಆ ಸಾಲಿನ ಎಲ್ಲ ಮಂಚಗಳವರೂ ಆಗಲೇ ಹೇಳಿಯಾಗಿತ್ತು. ನಿಜ ಹೇಳುವವನ ಕಷ್ಟವೇ ಇದು. ಸುಳ್ಳು ಹೇಳುವವರು ಎಲ್ಲ ಒಳ್ಳೆಯ ವಾಕ್ಯಗಳನ್ನೂ ಮೊದಲೇ ಬಳಸಿ ಮುಗಿಸಿರುತ್ತಾರೆ.

ಸ್ಕ್ಯಾನಿನಲ್ಲಿ ಪಿತ್ತಕೋಶ ಚೊಕ್ಕಟವಾಗಿತ್ತು. ರಕ್ತದಲ್ಲಿ ಕೊಬ್ಬು ಸರಿಯಾಗಿತ್ತು, ಸುಣ್ಣದಂಶ ಸರಿಯಾಗಿತ್ತು. ವಂಶದಲ್ಲಿ ಯಾರಿಗೂ ಇರಲಿಲ್ಲ. ಸಂಶೋಧನೆಯ ಮುಖ್ಯಸ್ಥರಾದ ನಮ್ಮ ಡಾಕ್ಟರು ಕನ್ನಡಕ ಹಣೆಗೇರಿಸಿ, "ಕಾರಣ ತಿಳಿದಿಲ್ಲ ಅಂತ ಬರಿ ಮಾರಾಯ್ತಿ. ಅದೂ ಒಂದು ಉತ್ತರವೇ" ಎಂದರು. ಅವರು ಶಿಸ್ತಿನ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದರು.

ಮೊಟ್ಟೆ ಗಾಡಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಕಾರಣ ತಿಳಿದಿಲ್ಲ ಅಂತ ಮನೇಲಿ ಹೇಳಿದ್ರೆ ಹೆಂಗೆ ಮೇಡಂ? ಕಾರಣ ತಿಳಿದಿದೆ, ಹೇಳೋಕೆ ನಾಚಿಕೆ ಅಂತ ತಿಳ್ಕೊಳಲ್ವಾ?"

ಆ ಮನೆಯ ಸಂಗತಿ ಹೀಗಿತ್ತು. ಅವರ ಹೆಂಡತಿಯ ತಂದೆ ಕುಡಿದು ಕುಡಿದೇ ಸತ್ತವರು. ಮದುವೆಯ ಮಾತು ಬಂದಾಗ ಆ ಹುಡುಗಿ ಕೇಳಿದ್ದು ಒಂದೇ. ನನ್ನ ತಲೆ ಮೇಲೆ ಕೈ ಇಟ್ಟು, ಕುಡಿಯಲ್ಲ ಅಂತ ಆಣೆ ಮಾಡಬೇಕು. ಇವರು ಮಾಡಿದರು. ಈಗ ಡಾಕ್ಟರ ಬಾಯಿಂದಲೇ ಆಣೆ ಮುರಿದದ್ದು ಗೊತ್ತಾಗಿತ್ತು. ಮುರಿದ ಆಣೆ ಯಾರ ತಲೆ ಮೇಲೆ ಇಟ್ಟಿದ್ದೋ ಅವರಿಗೇ ತಟ್ಟುತ್ತದೆ ಎಂಬುದು ಆಕೆಯ ನಂಬಿಕೆ. ಸಾಯುತ್ತೇನೆ ಎನ್ನುವ ಹೆದರಿಕೆಗಿಂತ, ಗಂಡ ತನ್ನ ತಲೆಯನ್ನು ಇಷ್ಟು ಹಗುರ ಮಾಡಿದನಲ್ಲ ಎನ್ನುವ ಉರಿ ಆಕೆಗೆ ಹೆಚ್ಚಾಗಿತ್ತು. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟಳು ಎಂದರೆ ಪೂರ್ತಿ ಬಿಟ್ಟಳೆಂದಲ್ಲ, ನೇರ ಮಾತು ಬಿಟ್ಟಳು. ಅವರಿಗೆ ಮಕ್ಕಳಿರಲಿಲ್ಲ. ಗಾಡಿಯ ಸುತ್ತ ಸುಳಿದಾಡಿ ಮನೆಯವರೆಗೂ ಹಿಂಬಾಲಿಸಿ ಬಂದು ಸೇರಿಕೊಂಡಿದ್ದ ಕರಿಯ ಎಂಬ ಗಂಡು ಬೆಕ್ಕೊಂದಿತ್ತು. ರೋಗಿಗಳು ಮನೆಗೆ ಹೋದ ಮೇಲೆ ಹೇಗಿದ್ದಾರೆಂದು ನೋಡಿ ಬರುವುದೂ ನನ್ನ ಕೆಲಸವಾದ್ದರಿಂದ, ಒಂದು ದಿನ ಭದ್ರಾವತಿಗೆ ಹೋದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿ ಶೀಟಿನ ಮನೆ. ನಾನು ಕೂತ ಹಾಗೆಯೇ ಒಳಗಿಂದ ಆಕೆಯ ದನಿ ಕೇಳಿತು.

"ಏ ಕರಿಯ, ಗಂಜಿ ಆಗಿದೆ. ಉಣ್ಣೋರು ಉಣ್ಣಬೋದು ಅಂತ ಹೇಳು."

ಬೆಕ್ಕು ಬಾಗಿಲಲ್ಲಿ ಕೂತು ಕಾಲು ನೆಕ್ಕುತ್ತಿತ್ತು. ಇವರು ಒಂದು ಚಮಚ ಬಾಯಿಗಿಟ್ಟುಕೊಂಡು, "ಕರಿಯ, ಉಪ್ಪು ಒಂಚೂರು ಕಮ್ಮಿ ಆಗಿದೆ ಅಂತ ಹೇಳಪ್ಪ" ಎಂದರು.

"ಉಪ್ಪು ಕಮ್ಮಿ ಅನ್ನೋರಿಗೆ ವೈನ್ ಶಾಪಲ್ಲೇ ಉಪ್ಪಿನಕಾಯಿ ಸಿಗುತ್ತೆ ಅಂತ ಹೇಳು ಕರಿಯ."

ಬೆಕ್ಕು ಎದ್ದು ಹೋಯಿತು. ಅದು ಹೋದ ಮೇಲೆ ಇಬ್ಬರಿಗೂ ಮಾತು ನಿಂತಿತು. ನಾನು ಪ್ರಶ್ನೆ ಕೇಳಬೇಕೋ, ಬೆಕ್ಕನ್ನು ಹಿಡಿದು ತರಬೇಕೋ ತಿಳಿಯದೆ ಕೂತೆ.

ಅವರು ಗೇಟಿನವರೆಗೆ ಬಂದು ಬೀಳ್ಕೊಟ್ಟರು. "ಮುಂಚೆ ‘ರೀ’ ಅಂತಿದ್ಲು ಮೇಡಂ. ಒಳಗಿಂದ ‘ರೀ’ ಅಂದ್ರೆ ರೋಡಲ್ಲಿ ಹೋಗೋ ನಾಲ್ಕು ಗಂಡಸರು ತಿರುಗಿ ನೋಡೋರು. ಅಂಥ ಗಂಟಲು. ನೀವು ಹೆಂಗಾದ್ರೂ ಮಾಡಿ ಒಂದು ಕಾರಣ ಹುಡುಕಿಕೊಡಿ" ಎಂದರು. ನನಗೆ ಆ ಹೊತ್ತು ನಗು ಬಂತು. ಊರಲ್ಲಿ ಎಲ್ಲರೂ ಕಾಯಿಲೆ ವಾಸಿ ಮಾಡಿ ಎಂದು ಆಸ್ಪತ್ರೆಗೆ ಬರುತ್ತಾರೆ. ಇವರಿಗೆ ವಾಸಿ ಬೇಕಿರಲಿಲ್ಲ, ಕಾರಣ ಬೇಕಿತ್ತು.

ಅಲ್ಲಿಂದ ಅವರೇ ಒಬ್ಬ ಸಂಶೋಧಕರಾದರು. ಗ್ರಂಥಿಗೆ ಮೇದೋಜಿರಾಯರು ಎಂದು ಹೆಸರಿಟ್ಟು, ದೂರದ ಸಂಬಂಧಿಯೊಬ್ಬರು ಮನೆಗೆ ಬಂದು ಝಂಡಾ ಊರಿರುವಂತೆ ಮಾತಾಡುತ್ತಿದ್ದರು. "ಇವತ್ತು ಮೇದೋಜಿರಾಯರು ಸುಮ್ನಿದಾರೆ ಮೇಡಂ. ನಿನ್ನೆ ಬೋಂಡ ನೋಡಿದ್ದಕ್ಕೇ ಗುರ್ ಅಂದ್ರು." ಚೆಕಪ್ಪಿಗೆ ಬಂದಾಗೆಲ್ಲ ಒಂದೊಂದು ಹೊಸ ಕಾರಣ ತರುತ್ತಿದ್ದರು. ಎಡಗಡೆ ಮಲಗಿದ್ದು. ಗ್ರಹಣದ ದಿನ ಮೊಟ್ಟೆ ಬೇಯಿಸಿದ್ದು. ಕಾರ್ಖಾನೆಯ ಸೈರನ್ ನಿಂತುಹೋದ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡದೇ ಇದ್ದದ್ದು. ಎಲ್ಲವನ್ನೂ ಡಾಕ್ಟರು ತಾಳ್ಮೆಯಿಂದ ಕೇಳಿ ತಲೆಯಾಡಿಸುತ್ತಿದ್ದರು. ಕೊನೆಗೆ ಒಂದು ದಿನ ರೋಸಿ, ಪುಸ್ತಕದಲ್ಲಿರುವ ಕಾರಣಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ಕೆಲವು ಮಾತ್ರೆಗಳಿಂದ ಬರಬಹುದು, ಮಂಗನಬಾವಿನಿಂದ ಬರಬಹುದು, ಹೊಟ್ಟೆಗೆ ಪೆಟ್ಟು ಬಿದ್ದರೆ ಬರಬಹುದು, ಚೇಳು ಕಡಿದರೂ ಬರಬಹುದು.

"ಚೇಳು!" ಎಂದು ಅವರು ಕುರ್ಚಿಯ ಅಂಚಿಗೆ ಬಂದರು.

ಮುಂದಿನ ಸಲ ಬಂದಾಗ ಕೈಯಲ್ಲಿ ಉಪ್ಪಿನಕಾಯಿ ಬಾಟಲಿ. ಮುಚ್ಚಳಕ್ಕೆ ತೂತು. ಒಳಗೆ ಜೀವಂತ ಚೇಳು. ಹೊರರೋಗಿಗಳ ಸಾಲಿನಲ್ಲಿ ಕೂತಿದ್ದವರು ಸಾಲು ಬಿಟ್ಟು ಮೆಟ್ಟಿಲವರೆಗೆ ಓಡಿದರು. ನಾನು ಸ್ಟೂಲಿನ ಮೇಲೆ ಹತ್ತಿ ನಿಂತೆ, ನಾಚಿಕೆಯೇನಿಲ್ಲ.

"ನಿಮಗೆ ಕಡಿದದ್ದು ಇದೇನಾ?" ಎಂದರು ಡಾಕ್ಟರು. ಅವರೂ ಮೇಜಿನಿಂದ ಸ್ವಲ್ಪ ಹಿಂದೆ ಸರಿದಿದ್ದರು.

"ಇದಲ್ಲ ಸಾರ್, ಇದರ ಮನೆಯವರು ಯಾರೋ. ಗಾಜನೂರಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಸಣ್ಣೋನಿದ್ದಾಗ ಅಲ್ಲಿ ಡ್ಯಾಮ್ ಹತ್ರ ಕಲ್ಲು ಎತ್ತಿದಾಗ ಕಡಿದಿತ್ತು."

"ಸಣ್ಣವರಿದ್ದಾಗ ಕಡಿದದ್ದು ಈಗ ಕೆಲಸ ಮಾಡಲ್ಲ ಮಾರಾಯ. ಅಲ್ಲದೆ ಪುಸ್ತಕದಲ್ಲಿ ಹೇಳೋ ಚೇಳು ಸಮುದ್ರದಾಚೆಗಿನದು, ಬೇರೆ ಜಾತಿ."

"ಚೇಳಲ್ಲೂ ಜಾತಿ ನೋಡ್ತೀರಾ ಸಾರ್?" ಎಂದು ಇವರು ಬಹಳ ನೊಂದುಕೊಂಡರು. ಚೇಳನ್ನು ತಿರುಗಿ ಗಾಜನೂರಿಗೆ ಬಸ್ಸಿನಲ್ಲಿ ಒಯ್ದು ಅದೇ ಕಲ್ಲಿನ ಹತ್ತಿರ ಬಿಟ್ಟು ಬಂದರಂತೆ. ಮನೆ ಮಠ ಇರುವ ಜೀವ, ದಾರಿ ಮೇಲೆ ಬಿಡುವುದಕ್ಕಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು.

ಚೇಳಿನಿಂದ ಆಗದ ಕೆಲಸಕ್ಕೆ ಆಮೇಲೆ ಮನುಷ್ಯರನ್ನು ಕರೆತಂದರು. ಒಂದು ಬೆಳಿಗ್ಗೆ ನನ್ನ ಕೋಣೆಯ ಮುಂದೆ ಐದಾರು ಜನ ಗೋಡೆ ಹಿಡಿದುಕೊಂಡು ನಿಂತಿದ್ದರು. ಮೊಟ್ಟೆ ಗಾಡಿಯ ಕಾಯಂ ಗಿರಾಕಿಗಳು. ಸಾಕ್ಷಿ ಹೇಳಲು ಭದ್ರಾವತಿಯಿಂದ ಬಂದಿದ್ದರು. ಅಷ್ಟು ದೂರದ ಬಸ್ ಪ್ರಯಾಣಕ್ಕೆ ಧೈರ್ಯ ಬೇಕಲ್ಲ ಎಂದು ಬೆಳಿಗ್ಗೆಯೇ ಒಂದೊಂದು ಹಾಕಿಕೊಂಡು ಬಂದಿದ್ದರು.

"ಮೇಡಂ, ಅಣ್ಣ ಕುಡಿಯಲ್ಲ" ಎಂದು ಮುಂದಾಳು ಕಿಟಕಿಗೆ ಹೇಳಿದ. ನಾನು ಕಿಟಕಿಯ ಎಡಗಡೆ ಕೂತಿದ್ದೆ. "ನಾವು ಎಷ್ಟು ಬಲವಂತ ಮಾಡಿದೀವಿ! ಕಾಲಿಗೆ ಬಿದ್ದಿದೀವಿ! ಒಂದ್ಸಲ ಬಾಯಿ ಬಿಡಿಸಿ ಹುಯ್ಯೋಕೂ ಹೋಗಿದೀವಿ, ಸಟ್ಟುಗದಲ್ಲಿ ಹೊಡೆದ್ರು. ಎಂಥ ಕಲ್ಲು ಹೃದಯ ಅಂದ್ರೆ..." ಎನ್ನುತ್ತ ಆತ ಅತ್ತುಬಿಟ್ಟ.

ಇಂಥ ಸಾಕ್ಷಿಗಳನ್ನು ಹೆಂಡತಿಯ ಮುಂದೆ ನಿಲ್ಲಿಸಿದರೆ ಏನಾಗಬಹುದೆಂದು ಯೋಚಿಸಿ ನಾನು ಬೇಡವೆಂದೆ. ಆದರೆ ಇವರು ಆಗಲೇ ಒಮ್ಮೆ ನಿಲ್ಲಿಸಿದ್ದರಂತೆ. "ಸಹವಾಸ ನೋಡು ಕರಿಯ" ಎಂದಷ್ಟೇ ಹೇಳಿ ಆಕೆ ಒಳಗೆ ಹೋದಳಂತೆ. ಇದಕ್ಕಿಂತ ತಮಾಷೆ ಎಂದರೆ, ಆವತ್ತು ಅತ್ತ ಅದೇ ಮುಂದಾಳು ಮಳೆಗಾಲದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಮ್ಮ ವಾರ್ಡಿಗೇ ಬಂದು ಮಲಗಿದ. ನಾನು ಸ್ಟೂಲು ಎಳೆದೆ. ಪಕ್ಕದಲ್ಲಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿ, ನನ್ನ ಮುಖವನ್ನೇ ಮೊದಲ ಸಲ ನೋಡುತ್ತಿರುವಂತೆ ಹೇಳಿದ: "ಇಲ್ಲ ಮೇಡಂ, ನನಗೆ ಆ ಅಭ್ಯಾಸವೇ ಇಲ್ಲ." ಹೆಂಡತಿ ತೃಪ್ತಿಯಿಂದ ತಲೆಯಾಡಿಸಿದಳು. ಅವನನ್ನು ಮನೆಯಲ್ಲಿ ನಂಬಿದರು! ಮೊಟ್ಟೆ ಗಾಡಿಯವರು ಅವನಿಗೆ ಎಳನೀರು ತಂದಿಟ್ಟು, ನನ್ನ ಕಡೆ ತಿರುಗಿ, "ಮೊಟ್ಟೆ ಒಡೆಯೋವರೆಗೂ ಒಳಗೇನಿದೆ ಅಂತ ಇಟ್ಟ ಕೋಳಿಗೂ ಗೊತ್ತಿರಲ್ಲ ಮೇಡಂ" ಎಂದರು. ಈ ಮಾತನ್ನು ಅವರು ಎಲ್ಲ ಸಂದರ್ಭಕ್ಕೂ ಹೇಳುತ್ತಿದ್ದರು, ಕೆಲವು ಸಲ ಸರಿಯಾಗಿಯೂ ಕೂರುತ್ತಿತ್ತು.

ಮೊಟ್ಟೆ ಗಾಡಿಯವರ ಹೆಂಡತಿಗೆ ತಮ್ಮ ಒಬ್ಬನಿದ್ದ, ಭದ್ರಾವತಿಯಲ್ಲೇ ಆಟೋ ಓಡಿಸುತ್ತಿದ್ದ. ಅವನಿಗೂ ಭಾವನ ಮೇಲೆ ಸಿಟ್ಟು, ಆದರೆ ಬೇರೆ ಥರದ ಸಿಟ್ಟು. "ಕುಡಿದ್ರು ಅಂತ ನಂಗೇನೂ ಬೇಜಾರಿಲ್ಲ ಮೇಡಂ. ಇಷ್ಟು ವರ್ಷ ಒಬ್ರೇ ಕುಡಿದಿದಾರೆ. ಸ್ವಂತ ಭಾಮೈದ ನಾನು. ಒಂದು ದಿನ ಬಾರೋ ಅನ್ಲಿಲ್ಲ!" ಎಂದು ನನ್ನ ಹತ್ತಿರ ಗೋಳು ತೋಡಿಕೊಂಡಿದ್ದ.

ಡಾಕ್ಟರು ಈ ಕೇಸನ್ನು ಬಿಟ್ಟಿರಲಿಲ್ಲ. ಹೊಟ್ಟೆಯ ಮೇಲಿಂದ ನೋಡುವ ಸ್ಕ್ಯಾನಿಗೆ ಕಾಣದ್ದು, ಬಾಯಿಯ ಮೂಲಕ ನಳಿಕೆ ಇಳಿಸಿ ಒಳಗಿಂದಲೇ ನೋಡುವ ಸ್ಕ್ಯಾನಿಗೆ ಕಂಡೀತು ಎಂದು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟು ಕಳಿಸಿದರು. ಕಂಡಿತು. ಪಿತ್ತಕೋಶದ ತಳದಲ್ಲಿ ಮರಳಿನಂಥ ಸಣ್ಣ ಸಣ್ಣ ಕಣಗಳು. ಒಂದೊಂದೇ ಜಾರಿ ಬಂದು ಮೇದೋಜೀರಕದ ಬಾಯಿಗೆ ಸಿಕ್ಕಿಕೊಂಡರೆ ಸಾಕು, ಊದಿಕೊಳ್ಳುತ್ತದೆ. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ.

ಅವರು ರಿಪೋರ್ಟನ್ನು ಎದೆಗೆ ಒತ್ತಿಕೊಂಡು, "ಮರಳು ಮೇಡಂ! ಮರಳು!" ಎಂದು ವಾರ್ಡಿನಲ್ಲೆಲ್ಲ ತಿರುಗಿದರು. ಕೋಟೆಯ ಆಂಜನೇಯನಿಗೆ ಕಾಯಿ ಒಡೆಸಿದರು. ನನಗೊಂದು ಹೋಳು ಕೊಟ್ಟರು. ಭದ್ರಾವತಿಯಲ್ಲಿ ಗಿರಾಕಿಗಳು, "ಅಣ್ಣ ಹೊಟ್ಟೆ ಒಳಗೇ ಮರಳು ದಂಧೆ ಇಟ್ಟಿದಾನೆ, ಪೊಲೀಸರಿಗೆ ಹೇಳ್ಬೇಡ್ರೋ" ಎಂದು ನಕ್ಕರಂತೆ. ಮನೆಯಲ್ಲಿ ಮಾತ್ರ ಬೆಕ್ಕಿನ ಮೂಲಕ ಬಂದ ಉತ್ತರ ಹೀಗಿತ್ತು: "ದಿನಾ ಆಮ್ಲೆಟ್ ಹಾಕಿಕೊಟ್ರೆ ಡಾಕ್ಟ್ರು ಮರಳು ಅಂತಲೂ ಬರೀತಾರೆ, ಜಲ್ಲಿ ಅಂತಲೂ ಬರೀತಾರೆ ಕರಿಯ." ನಮ್ಮ ಡಾಕ್ಟರು ಮೊಟ್ಟೆ ಮುಟ್ಟದವರು ಎಂದು ಹೇಳಿ ಪ್ರಯೋಜನವಿರಲಿಲ್ಲ.

ಪಿತ್ತಕೋಶವನ್ನು ತೆಗೆಸಿಬಿಟ್ಟರೆ ಇನ್ನೊಂದು ಸಲ ಬರುವ ಭಯವಿಲ್ಲ, ತಡ ಮಾಡಬೇಡಿ ಎಂದು ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಆ ದಿನ ಅವರು ಬರಲಿಲ್ಲ. ಇನ್ನೊಂದು ದಿನ ಕೊಟ್ಟರು. ಅಂದೂ ಬರಲಿಲ್ಲ. ಆಮೇಲೆ ಒಂದು ದಿನ ತಾವಾಗಿಯೇ ಬಂದು, ಟವೆಲಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಕೂತರು.

"ಸಾರ್, ಪಿತ್ತಕೋಶ ತೆಗೆದುಬಿಟ್ರೆ ನಂಗಿರೋ ಒಂದೇ ಸಾಕ್ಷಿ ಹೋಗುತ್ತೆ. ಅವಳು ಮೊದಲು ನಂಬಲಿ. ಒಂದ್ಸಲ ‘ರೀ’ ಅನ್ಲಿ. ಮಾರನೇ ದಿನವೇ ಬಂದು ಮಲಗ್ತೀನಿ, ಏನ್ ಬೇಕೋ ಕುಯ್ಕೊಳ್ಳಿ."

ಡಾಕ್ಟರು ಸಿಟ್ಟಿನಲ್ಲಿ ಮೇಜು ಗುದ್ದಿದರು. "ನಿಮ್ಮ ಸಾಕ್ಷಿ ಎಲ್ಲೂ ಹೋಗಲ್ಲ ಮಾರಾಯ! ಆ ಮರಳನ್ನೆಲ್ಲ ತೆಗೆದು ಬಾಟಲಿಗೆ ಹಾಕಿ ಕೈಗೆ ಕೊಡ್ತೀನಿ!"

"ಬೇಡ ಸಾರ್. ಆಸ್ಪತ್ರೆಯಿಂದ ಬಾಟ್ಲಿ ಹಿಡ್ಕೊಂಡು ಮನೆಗೆ ಹೋದ್ರೆ ಅನುಮಾನ ಇನ್ನೂ ಜಾಸ್ತಿ ಆಗುತ್ತೆ."

ನಾನೇ ಮತ್ತೆ ಭದ್ರಾವತಿಗೆ ಹೋದೆ. ಆಕೆಯ ಎದುರು ಕೂತು, ಚಿತ್ರ ಬರೆದು, ಪಿತ್ತಕೋಶ ಇದು, ನಾಳ ಇದು, ಮರಳು ಇಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ವಿವರಿಸಿದೆ. ತಡವಾದರೆ ಜೀವಕ್ಕೇ ಅಪಾಯ ಎಂದೆ. ಆಕೆ ಪೂರ್ತಿ ಕೇಳಿದಳು. ಕೆಟ್ಟ ಹೆಂಗಸಲ್ಲ ಆಕೆ, ಇದನ್ನೂ ಹೇಳಬೇಕು. ಗಂಡನಿಗಾಗಿ ಎಣ್ಣೆಯಿಲ್ಲದ ಅಡುಗೆಯನ್ನು ಬೇರೆ ಒಲೆಯಲ್ಲಿ ಮಾಡುತ್ತಿದ್ದಳು.

"ಮೇಡಂ, ನಮ್ಮಪ್ಪ ಕುಡಿದು ಬಂದು, ಅವ್ವನ ತಲೆ ಮುಟ್ಟಿ, ಕುಡಿದಿಲ್ಲ ಅಂತ ಅಳ್ತಿದ್ದ. ನೋಡಿದ್ರೆ ನಂಬಬೇಕು ಅನ್ಸೋದು, ಹಂಗೆ ಅಳೋನು. ಕುಡಿಯೋರ ಮಾತು, ಕುಡೀದೇ ಇರೋರ ಮಾತು ಎರಡೂ ಒಂದೇ ಥರ ಇರುತ್ತೆ. ಹೆಂಗೆ ಕಂಡುಹಿಡೀಲಿ ಹೇಳಿ?"

ನಮ್ಮ ಇಡೀ ಸಂಶೋಧನೆ ತೊಡರಿ ನಿಂತಿದ್ದದ್ದೂ ಅಲ್ಲೇ. ಬರೆದ ಚಿತ್ರವನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ನೋವು ಎರಡನೆಯ ಸಲ ಬಂದಾಗ ಮೇದೋಜಿರಾಯರು ಸುಮ್ಮನಿರಲಿಲ್ಲ. ಗಾಡಿಯ ಮುಂದೆಯೇ ಕುಸಿದು ಬಿದ್ದವರನ್ನು ಗಿರಾಕಿಗಳು ಭಾಮೈದನ ಆಟೋದಲ್ಲಿ ಹಾಕಿಕೊಂಡು ಬಂದರು. ಅವರೆಲ್ಲರ ಬಾಯಿಂದ ಬರುತ್ತಿದ್ದ ವಾಸನೆಯಲ್ಲಿ ಯಾರು ಕುಡಿದವರು, ಯಾರು ಅಲ್ಲ ಎಂದು ಹೇಳುವಂತೆಯೇ ಇರಲಿಲ್ಲ. ಈ ಸಲ ಗ್ರಂಥಿ ಕೊಳೆಯಲು ಶುರುವಾಗಿತ್ತು, ಮೂತ್ರಪಿಂಡವೂ ಕೈಕೊಟ್ಟಿತು. ತೀವ್ರ ನಿಗಾ ಘಟಕದ ಗಾಜಿನ ಹೊರಗೆ ಆಕೆ ನಿಂತೇ ಇದ್ದಳು. ಬೆಕ್ಕು ಭದ್ರಾವತಿಯಲ್ಲಿತ್ತು. ಒಳಗೆ ಹೋಗುತ್ತಿದ್ದ ನರ್ಸನ್ನು ತಡೆದು ಹೇಳಿದಳು: "ಒಳಗಿರೋರಿಗೆ ಹೇಳಿ, ಗಾಡಿಗೆ ಟಾರ್ಪಾಲ್ ಕಟ್ಟಿದೀನಿ, ಯೋಚನೆ ಮಾಡೋದು ಬೇಡ ಅಂತ." ನರ್ಸು ಹೇಳಿದಳು. ಅವರ ಮೂಗು ಬಾಯಿಯಲ್ಲೆಲ್ಲ ನಳಿಕೆ ಇತ್ತು. ಕೈ ಮಾತ್ರ ಹೊದಿಕೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತಿತ್ತು. ಏನು ನಿಜ ಹೇಳಲಿಕ್ಕಿತ್ತೋ, ಹೇಳಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಯಾವ ರೋಗಿಯ ಮೇಲೂ ಬಂದಿಲ್ಲ. ವಾರ್ಡಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ತಿಥಿಗೆ ನನ್ನನ್ನೂ ಕರೆದಿದ್ದರು. ಹೋದೆ.

ಅವರ ಕಡೆ, ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಫೋಟೋದ ಮುಂದೆ ಬಾಳೆಲೆಯಲ್ಲಿ ಎಡೆ ಇಡುತ್ತಾರೆ. ದೀಪ ಹಚ್ಚಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬರಬೇಕು. ಹೋದವರು ಬಂದು ಊಟ ಮಾಡುವುದಕ್ಕೆ ಬಿಡುವು ಕೊಡಬೇಕು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಎಲೆಯ ಮೇಲೆ ಕೋಳಿ ಸಾರು, ಮುದ್ದೆ, ಸುಲಿದ ಮೊಟ್ಟೆ, ಖಾರದ ಕಡ್ಲೆಬೀಜ ಎಲ್ಲ ಇತ್ತು. ಆಗ ಭಾಮೈದ ಅಂಗಿಯ ಒಳಗಿಂದ ಒಂದು ಬಾಟಲಿ ತೆಗೆದ.

"ಭಾವನ ಬ್ರ್ಯಾಂಡ್ ಯಾವ್ದು ಅಂತ ನಂಗೆ ಕೊನೇವರೆಗೂ ಹೇಳ್ಲಿಲ್ಲ ಅಕ್ಕ. ಅದಕ್ಕೆ ಅಂಗಡೀಲಿ ಒಳ್ಳೇದು ಯಾವ್ದೋ ಅದನ್ನೇ ತಂದೆ" ಎಂದ. ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದ ತಂದದ್ದು, ಅದರಲ್ಲಿ ಎರಡು ಮಾತಿಲ್ಲ.

ಅಂಗಳದಲ್ಲಿದ್ದ ಗಿರಾಕಿಗಳು, "ಅಣ್ಣ ಕುಡೀತಿರ್ಲಿಲ್ಲ ಕಣ್ರೋ!" ಎಂದು ಕೂಗಿದರು. ಅವರು ನಿಂತಿದ್ದ ಭಂಗಿ ನೋಡಿ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಮಾತಾಡಿದಳು.

"ಇಡಪ್ಪ. ಬದುಕಿದ್ದಾಗ ಕದ್ದು ಕುಡಿದಿದ್ರೆ ಈಗ ಎದುರಿಗೇ ಕುಡೀಲಿ."

ಭಾಮೈದ ಸೀಲು ಒಡೆದು ಗಾಜಿನ ಲೋಟದ ಅಂಚಿನವರೆಗೆ ಬಗ್ಗಿಸಿದ. ಬಾಗಿಲು ಮುಚ್ಚಿದರು. ಎಲ್ಲರೂ ಅಂಗಳದಲ್ಲಿ ನಿಂತೆವು. ಆಕೆ ಮಾತ್ರ ಬಾಗಿಲಿಗೆ ಕಿವಿಯಾನಿಸುವಷ್ಟು ಹತ್ತಿರ ನಿಂತಿದ್ದಳು. ಕಾದು ಕಾದು ಕೊನೆಗೆ ಬಾಗಿಲು ತಟ್ಟಿ, ತಳ್ಳಿದಳು.

ಎಲೆಯ ಮೇಲೆ ಮೊಟ್ಟೆ ಒಂದೂ ಇರಲಿಲ್ಲ. ಕೋಳಿ ತುಂಡುಗಳೂ ಇರಲಿಲ್ಲ. ಲೋಟ ಮಾತ್ರ ಹೇಗೆ ಬಗ್ಗಿಸಿದ್ದರೋ ಹಾಗೇ ಅಂಚಿನವರೆಗೆ ತುಂಬಿ ನಿಂತಿತ್ತು.

ಆಕೆ ಲೋಟದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಮುಖ ತಗ್ಗಿಸಿ, ಅಂಚನ್ನು ಸುತ್ತಲೂ ನೋಡಿದಳು. ನಮ್ಮ ಡಾಕ್ಟರು ರಿಪೋರ್ಟನ್ನು ಕೂಡ ಅಷ್ಟು ಎಚ್ಚರಿಕೆಯಿಂದ ನೋಡಿದ್ದನ್ನು ನಾನು ಕಾಣೆ.

"ಮೊಟ್ಟೆ ತಿಂದಿದಾರೆ" ಎಂದಳು. ಆಮೇಲೆ ಬಹಳ ಮೆತ್ತಗೆ, "ಇದನ್ನ ಮುಟ್ಟಿಲ್ಲ" ಎಂದಳು.

ತೆರೆದಿದ್ದ ಹಿತ್ತಿಲ ಕಿಟಕಿಯ ಆಚೆ, ಕಾಂಪೌಂಡ್ ಗೋಡೆಯ ಮೇಲೆ ಕರಿಯ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದದ್ದು ನಾನು ನಿಂತ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು. ಸಂಶೋಧನೆ ಮಾಡುವವರು ಕಂಡದ್ದನ್ನು ಕಂಡ ಹಾಗೆ ಹೇಳಬೇಕು ಎಂದು ನನಗೆ ಕಲಿಸಿದ್ದಾರೆ. ನಾನು ಹೋಗಿ ಕಿಟಕಿಗೆ ಅಡ್ಡ ನಿಂತೆ.

ಭಾಮೈದ ಗೋಡೆಗೆ ಹಣೆ ಕೊಟ್ಟು, "ತಪ್ಪಾಯ್ತು ಭಾವ" ಎಂದು ಅಳುತ್ತಿದ್ದ. ಅತ್ತು ಮುಗಿದ ಮೇಲೆ, ಎಡೆಗಿಟ್ಟದ್ದನ್ನು ಗಂಡಸರು ಹಂಚಿಕೊಳ್ಳುವ ಪದ್ಧತಿ ನೆನಪಾಗಿ ಲೋಟಕ್ಕೆ ಕೈ ಚಾಚಿದ. ಆಕೆ ಅವನಿಗಿಂತ ಮೊದಲು ಎತ್ತಿಕೊಂಡು ಹಿತ್ತಿಲ ಬಚ್ಚಲಿಗೆ ನಡೆದಳು.

"ಅಕ್ಕಾ, ಅದು ಪ್ರಸಾದ!"

"ಅವರು ಮುಟ್ಟಿದ್ರೆ ತಾನೇ ಪ್ರಸಾದ?" ಎಂದು ಲೋಟವನ್ನೂ ಬಾಟಲಿಯನ್ನೂ ಸುರಿದುಬಿಟ್ಟಳು. ಅಂಗಳದಲ್ಲಿ ಗಿರಾಕಿಗಳು ನಿಜವಾದ ದುಃಖದಿಂದ ತಲೆ ತಗ್ಗಿಸಿದರು.

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಆಕೆ ಒಳಗೆ ಬಂದಳು. ಬೆಕ್ಕನ್ನು ಕರೆಯಲಿಲ್ಲ. ಅಡುಗೆಮನೆಯಿಂದ ಪಾತ್ರೆ ತಂದು, ಎಲೆಯ ಮುಂದೆ ಕೂತು, ಫೋಟೋವನ್ನು ನೇರವಾಗಿ ನೋಡಿದಳು. ಬೀದಿಯವರೆಗೂ ಕೇಳುವ ಆ ಗಂಟಲನ್ನು ನಾನು ಕೇಳಿದ್ದು ಅದೇ ಮೊದಲು.

"ರೀ, ಇನ್ನೊಂದು ಮೊಟ್ಟೆ ಹಾಕ್ಲಾ?"